ಕಟ್ಟದ ಪಾರ್ಕಿನ ಮಾಲೀಕರು

ನಮ್ಮ ಸೋದರಮಾವನಿಗೆ ಶಿರಂಗಾಲದ ಹತ್ತಿರ ಒಂದು ಥೀಮ್ ಪಾರ್ಕ್ ಇದೆ. ನಂಬಿ! ಜಯಂಟ್ ವೀಲ್ ಇದೆ, ಗುಡ್ಡ ಸುತ್ತುವ ಪುಟ್ಟ ರೈಲಿದೆ, ನೀರಿನ ಜಾರುಬಂಡೆ ಇದೆ, ಭೂತಬಂಗಲೆಯೂ ಇದೆ. ಇಷ್ಟು ವರ್ಷದಲ್ಲಿ ಅಲ್ಲಿ ಒಂದೇ ಒಂದು ಅಪಘಾತವಾಗಿಲ್ಲ, ಯಾರ ಮೊಣಕಾಲೂ ತರಚಿಲ್ಲ. ಇಂಥ ಪಾರ್ಕನ್ನು ನೀವು ನೋಡಿಲ್ಲವಲ್ಲ ಏಕೆ ಎಂದರೆ, ಅದನ್ನಿನ್ನೂ ಕಟ್ಟಿಲ್ಲ. ಅದು ಇರುವುದು ಮಾವನ ತಲೆಯಲ್ಲಿ, ಅವರ ಮನೆಯ ಅಟ್ಟದ ಮೇಲೆ ಸುರುಳಿ ಸುತ್ತಿಟ್ಟ ಡ್ರಾಯಿಂಗ್ ಹಾಳೆಗಳಲ್ಲಿ, ಮತ್ತು ಶುಂಠಿ ಕಿತ್ತ ಮೇಲೆ ಖಾಲಿ ಬೀಳುವ ಅವರ ಹೊಲದಲ್ಲಿ.

ಹೀಗೆ ಜನರನ್ನು ತಲೆಕೆಳಗೆ ತೂಗಾಡಿಸುವ ಯೋಜನೆ ಹಾಕುವ ಮನುಷ್ಯ ಎಂಥ ಗಂಡೆದೆಯವನಿರಬೇಕು ಎಂದು ನೀವು ಅಂದುಕೊಳ್ಳಬಹುದು. ದಯವಿಟ್ಟು ಅಂದುಕೊಳ್ಳಬೇಡಿ. ಕಾವೇರಿಯ ಈ ದಡದಿಂದ ಆ ದಡದವರೆಗೆ ಹುಡುಕಿದರೂ ನಮ್ಮ ಮಾವನಷ್ಟು ಹೆದರುವವರು ಸಿಗುವುದಿಲ್ಲ. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಆಗಬೇಕು. ಡ್ರೈವರ್ ಬ್ರೇಕ್ ಒತ್ತುವ ಮೊದಲೇ ಇವರ ಕಾಲು ನೆಲ ಒತ್ತಿರುತ್ತದೆ. ಕುಶಾಲನಗರದಲ್ಲಿ ಇಳಿಯುವಾಗ ಡ್ರೈವರಿಗಿಂತ ಇವರಿಗೇ ಹೆಚ್ಚು ಸುಸ್ತು! ಹಲಸಿನ ಮರದ ಕೆಳಗೆ ನಡೆಯುವಾಗ ತಲೆಯ ಮೇಲೆ ಚೀಲ ಹಿಡಿಯುತ್ತಾರೆ. ಅದು ಹಣ್ಣಿನ ಕಾಲವೋ ಅಲ್ಲವೋ ಎಂದು ನೋಡುವುದಿಲ್ಲ. ನನ್ನ ಮದುವೆಯಲ್ಲಿ ಗಾಳಿಗೆ ಚಪ್ಪರ ಸ್ವಲ್ಪ ಅಲುಗಿತು. ಧಾರೆಯ ಹೊತ್ತಿಗೆ ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ಮಾವ ಮೂಲೆಯ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದರು. ಆಲ್ಬಮ್ಮಿನಲ್ಲಿ ಆ ಫೋಟೋ ಈಗಲೂ ಇದೆ. ನೋಡಿದವರೆಲ್ಲ ಕೇಳುತ್ತಾರೆ, ಅಳುತ್ತಿರುವ ಇವರು ಯಾರು, ಹೆಣ್ಣಿನ ಕಡೆಯ ದೊಡ್ಡವರೇ ಎಂದು. ಹೌದು ಎನ್ನುತ್ತೇನೆ. ಪ್ರೀತಿಯಿಂದ ಅತ್ತದ್ದು ಎಂದುಕೊಳ್ಳಲಿ, ನನಗೇನು ನಷ್ಟ?

ಮಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಈ ಪಾರ್ಕಿನ ಹುಚ್ಚು ಹತ್ತಿದ್ದು ಕೂಡ ಶಾಲೆಯಿಂದಲೇ. ಒಂದು ವರ್ಷ ಮಕ್ಕಳನ್ನು ಪ್ರವಾಸಕ್ಕೆಂದು ದೂರದ ಯಾವುದೋ ಪಾರ್ಕಿಗೆ ಕರೆದುಕೊಂಡು ಹೋದರು. ಮಕ್ಕಳೆಲ್ಲ ರೋಲರ್ ಕೋಸ್ಟರ್ ಹತ್ತಿದವು. ಮಾವ ಅಷ್ಟೂ ಮಕ್ಕಳ ಚೀಲ, ಚಪ್ಪಲಿ, ಟೋಪಿಗಳನ್ನು ಕಾಯುತ್ತ ಕೆಳಗೆ ನಿಂತರು. ಮೇಲೆ ಮಕ್ಕಳು ಕಿರುಚಿದವು. ಕೆಳಗೆ ಮಾವ ಕಿರುಚಿದರು. ಮಕ್ಕಳು ಇಳಿದು ಬಂದಾಗ ನಗುತ್ತಿದ್ದವು. ಮಾವನನ್ನು ಮಾತ್ರ ಕಾವಲಿನವರು ಬೆಂಚಿನ ಮೇಲೆ ಮಲಗಿಸಿ ಮುಖಕ್ಕೆ ನೀರು ಹಾಕುತ್ತಿದ್ದರು.

ಅಂದಿನಿಂದ ಅವರಿಗೆ ಒಂದೇ ಪ್ರಶ್ನೆ. ಅಷ್ಟು ಹೆದರಿದ ಮಕ್ಕಳು ಹೇಗೆ ನಗುತ್ತ ಇಳಿದವು? ಇದನ್ನು ಬೇರೆಯವರಾಗಿದ್ದರೆ ಊಟವಾದ ಮೇಲೆ ಮರೆಯುತ್ತಿದ್ದರು. ಮಾವ ಹಳೆಯ ಪುಸ್ತಕ ತರಿಸಿದರು, ಮೊಬೈಲಿನಲ್ಲಿ ವಿಡಿಯೋ ನೋಡಿದರು, ಲೋಕದಲ್ಲಿ ಎಲ್ಲೆಲ್ಲಿ ಎಂಥೆಂಥ ಪಾರ್ಕುಗಳಿವೆ ಎಂದು ಬಾಯಿಪಾಠ ಮಾಡಿದರು. ಕುಶಾಲನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಟಗಳನ್ನು ದೊಡ್ಡದು ಮಾಡಿಸಲು ಅಲ್ಲಿಗೆ ಬರುವರು; ಮಿಷನ್ ಓಡುತ್ತಿರುವಾಗ ಕತೆ ಶುರು ಮಾಡುವರು. ರಷ್ಯಾದಲ್ಲಿ ಹಿಂದೆ ಚಳಿಗಾಲದಲ್ಲಿ ಮರದ ಎತ್ತರದ ಅಟ್ಟಣೆ ಕಟ್ಟಿ, ಮೇಲಿಂದ ನೀರು ಸುರಿದು, ಅದು ಮಂಜುಗಡ್ಡೆಯಾದ ಮೇಲೆ ಜನ ಜಾರುತ್ತಿದ್ದರಂತೆ. ರೋಲರ್ ಕೋಸ್ಟರಿನ ಅಜ್ಜ ಅದೇ ಅಂತೆ. ಅಮೆರಿಕದಲ್ಲಿ ಗುಡ್ಡದಿಂದ ಕಲ್ಲಿದ್ದಲು ಇಳಿಸುವ ಗಾಡಿಗಳಲ್ಲಿ ಆಮೇಲೆ ಜನ ಕಾಸು ಕೊಟ್ಟು ಕುಳಿತರಂತೆ. ಕಲ್ಲಿದ್ದಲು ತನ್ನ ಹೆದರಿಕೆಯನ್ನು ಬಾಯಿ ಬಿಟ್ಟು ಹೇಳಲಿಲ್ಲ, ಜನ ಕಿರುಚಿ ಹೇಳಿದರು, ಅಷ್ಟೇ ವ್ಯತ್ಯಾಸ ಎನ್ನುವರು. ಮಹಡಿ ಮೇಲಕ್ಕೆ ಹೋದಂತೆ ಕಿಟಕಿಗಳನ್ನು ಚಿಕ್ಕದು ಮಾಡಿದರೆ ಗಿಡ್ಡ ಕಟ್ಟಡವೂ ಅರಮನೆಯಂತೆ ಕಾಣುತ್ತದೆ. ಸರದಿ ಸಾಲನ್ನು ಹಾವಿನಂತೆ ಮಡಿಸಿದರೆ ಅದೆಷ್ಟು ಉದ್ದವಿದೆ ಎಂದು ನಿಂತವರಿಗೆ ಗೊತ್ತಾಗುವುದಿಲ್ಲ. ಆ ಸಾಲು ಆಟದ ಕಂಬಿಗಳ ಅಡಿಯಲ್ಲೇ ಹಾದರೆ, ಮೇಲಿನವರ ಕೂಗು ಕೇಳಿ ಕಾಯುವವರ ಎದೆ ಆಗಲೇ ಹೊಡೆದುಕೊಳ್ಳಲು ಶುರುವಾಗುತ್ತದೆ. ಇವನ್ನೆಲ್ಲ ಕೇಳುತ್ತ ನನ್ನ ಗಿರಾಕಿಗಳು ತಮ್ಮ ಆಧಾರ್ ಕಾರ್ಡನ್ನು ಮಿಷನ್ನಿನಲ್ಲೇ ಮರೆತು ಹೋಗುತ್ತಿದ್ದರು.

ಆದರೆ ಮಾವನಿಗೆ ಬಹಳ ಪ್ರೀತಿ ಕಟ್ಟಿದ ಪಾರ್ಕುಗಳ ಮೇಲಲ್ಲ, ಕಟ್ಟದೆ ಉಳಿದವುಗಳ ಮೇಲೆ. ಯಾರೋ ಒಂದು ಇಡೀ ಊರನ್ನೇ ಗಾಜಿನ ಮುಚ್ಚಳದ ಕೆಳಗೆ ಕಟ್ಟಲು ನಕಾಶೆ ಬರೆದು ಸತ್ತುಹೋದರು. ಇನ್ನೆಲ್ಲೋ ಹಿಮದ ಕಣಿವೆಯಲ್ಲಿ ಆಟದ ಊರು ಬರಬೇಕಿತ್ತು, ಕಾಡು ಹಾಳಾಗುತ್ತದೆಂದು ಜನ ತಡೆದರು. ಮತ್ತೊಂದು ಕಡೆ ಹಳೆಯ ಯುದ್ಧಭೂಮಿಯ ಪಕ್ಕ ಪಾರ್ಕು ಬೇಡವೆಂದು ಸುತ್ತಲಿನವರು ಹಟ ಹಿಡಿದರು. ಇವನ್ನು ಹೇಳುವಾಗ ಮಾವನ ಮುಖ ನೋಡಬೇಕು. ದೂರದ ನೆಂಟರ ಮಕ್ಕಳು ಒಳ್ಳೆ ಕೆಲಸದಲ್ಲಿದ್ದಾರೆ ಎಂಬಂಥ ತೃಪ್ತಿ!

"ಕಟ್ಟದೆ ಇರೋ ಪಾರ್ಕಲ್ಲಿ ಯಾರಾದ್ರೂ ಬಿದ್ದವ್ರಾ?" ಎಂದು ಒಮ್ಮೆ ನನ್ನನ್ನು ಕೇಳಿದರು. ನಾನು ಇಲ್ಲ ಎಂದೆ. ಹಾಗಾದರೆ ಅದೇ ಉತ್ತಮ ಪಾರ್ಕು ಅಲ್ಲವೇನವ್ವ ಎಂದರು. ನಾನು ಜೆರಾಕ್ಸಿನ ಬಿಲ್ಲು ಕೊಟ್ಟೆ. ಅದನ್ನು ನೋಡಿ ಅವರು ನಿಜವಾಗಿಯೂ ಬೆಚ್ಚಿದರು.

ಅವರ ಭೂತಬಂಗಲೆಯ ವಿಷಯ ಹೇಳದಿದ್ದರೆ ಮಾವನಿಗೆ ಅನ್ಯಾಯವಾಗುತ್ತದೆ. ಅದರಲ್ಲಿ ಭೂತಗಳಿಲ್ಲ. ಭೂತಕ್ಕೆ ಯಾರು ಹೆದರುತ್ತಾರೆ, ಜನ ನಿಜಕ್ಕೂ ಹೆದರುವುದು ಬೇರೆಯವಕ್ಕೆ ಎಂದು ಅವರ ವಾದ. ಮೊದಲನೇ ಕೋಣೆಯಲ್ಲಿ ಬೆಳಕು ಹರಿಯುವ ಮೊದಲು ಫೋನು ಹೊಡೆದುಕೊಳ್ಳುತ್ತದೆ, ಎತ್ತಿದರೆ ಯಾರೂ ಮಾತಾಡುವುದಿಲ್ಲ. ಅದರಾಚೆಯ ಕೋಣೆಯಲ್ಲಿ ಒಬ್ಬ ಡಾಕ್ಟರು ನಿಮ್ಮ ರಿಪೋರ್ಟು ನೋಡುತ್ತಾರೆ, ಕನ್ನಡಕ ತೆಗೆದು ಒರೆಸುತ್ತಾರೆ, ಮನೆಯವರು ಯಾರಾದರೂ ಜೊತೆಗೆ ಬಂದಿದ್ದಾರಾ ಎಂದು ಕೇಳುತ್ತಾರೆ. ಇನ್ನೊಂದರಲ್ಲಿ ಶಾಲೆ ಬಿಟ್ಟು ಬಹಳ ಹೊತ್ತಾಗಿದೆ, ಮಕ್ಕಳ ಬಸ್ಸು ಬಂದಿಲ್ಲ. ಇದಕ್ಕೆ ದುಡ್ಡು ಕೊಟ್ಟು ಯಾರು ಬರುತ್ತಾರೆ ಮಾವ, ಇದೆಲ್ಲ ಮನೆಯಲ್ಲೇ ಪುಕ್ಕಟೆ ಸಿಗುತ್ತದಲ್ಲ ಎಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ಅದಕ್ಕೆ ಹೊರಬಾಗಿಲು ಇರುವುದಿಲ್ಲ, ನಮ್ಮ ಪಾರ್ಕಿನಲ್ಲಿ ಇರುತ್ತದೆ ಎಂದರು.

ಶುಂಠಿ ಕಿತ್ತ ಹೊಲದಲ್ಲಿ ಈ ಬಂಗಲೆಯನ್ನು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಬರೆದರು. ಹಬ್ಬಕ್ಕೆ ಬಂದ ನಾವೆಲ್ಲ ಹೋಳಿಗೆ ತಿಂದು ಭಾರವಾದ ಹೊಟ್ಟೆಯಲ್ಲಿ ಸಾಲಾಗಿ ಅದರೊಳಗೆ ನಡೆಯಬೇಕಾಯಿತು. ಅಲ್ಲಿ ಗೋಡೆ ಇದೆ, ಬಳಸಿ ಬಾ. ಇಲ್ಲಿ ಕತ್ತಲು, ತಡವರಿಸು ಎಂದು ಮಾವ ಹೇಳುತ್ತಿದ್ದರು. ನಮ್ಮ ಯಜಮಾನರು ಪಾಪ, ಮಟಮಟ ಮಧ್ಯಾಹ್ನ ಕೈ ಚಾಚಿ ತಡವರಿಸುತ್ತ ನಡೆದರು. ಅಷ್ಟರಲ್ಲಿ ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಡಾಕ್ಟರ ಕೋಣೆಯ ಗೋಡೆಯನ್ನು ಸೀಳಿಕೊಂಡು ಹೊರಗೆ ಹೋದರು. ಗೋಡೆ ಕಾಣಲ್ವಾ ಎಂದು ಮಾವ ಕೇಳಿದ್ದಕ್ಕೆ, ಬಾಗಿಲು ಹುಡುಕಿಕೊಂಡು ಹೋಗಲು ನನಗೆ ಪುರುಸೊತ್ತಿಲ್ಲ, ಹಸು ಕೂಗುತ್ತಿದೆ ಎಂದರು.

ಅತ್ತೆ ಹಾಗೇ. ಸಣಕಲು ದೇಹ, ಬಿದಿರುಕಡ್ಡಿಯಷ್ಟು ಹಗುರ, ಆದರೆ ಹೆದರಿಕೆ ಎಂಬುದು ಗೊತ್ತಿಲ್ಲ. ಹಾವು ಬಂದರೆ ಕೋಲಿನಲ್ಲಿ ಎತ್ತಿ ಬೇಲಿಯಾಚೆ ಬಿಡುವವರು ಅವರು. ಹಾವು ಹೋದ ಮೇಲೂ ಮಂಚದಿಂದ ಇಳಿಯದವರು ಮಾವ.

ಹೀಗೆ ಸುಖವಾಗಿ ಕಟ್ಟದೆ ಇದ್ದ ಪಾರ್ಕಿಗೆ ಒಂದು ಗಂಡಾಂತರ ಬಂತು. ಅದನ್ನು ಕಟ್ಟುತ್ತೇನೆ ಎನ್ನುವವರು ಒಬ್ಬರು ಸಿಕ್ಕಿದರು!

ಅವರು ತಿತಿಮತಿಯ ಕಡೆ ಕಾಡಿನ ಅಂಚಿನಲ್ಲಿ ರೆಸಾರ್ಟ್ ಇಟ್ಟಿದ್ದವರು. ನನ್ನ ಅಂಗಡಿಗೆ ಯಾವುದೋ ಕಾಗದ ಜೆರಾಕ್ಸ್ ಮಾಡಿಸಲು ಬಂದು, ಗೋಡೆಗೆ ಅಂಟಿಸಿದ್ದ ಮಾವನ ಗುಡ್ಡದ ರೈಲಿನ ಪಟ ನೋಡಿದರು. ಮರುದಿನವೇ ಶಿರಂಗಾಲಕ್ಕೆ ಜೀಪು ಬಂತು. ಒಳ್ಳೆಯ ಮನುಷ್ಯರೇ, ಮಾತು ಮೃದು, ಆದರೆ ಎಲ್ಲದಕ್ಕೂ ಅವಸರ. ನಿಮ್ಮ ನಕಾಶೆ, ನನ್ನ ಬಂಡವಾಳ, ನಿಮ್ಮ ಹೊಲದ ಹಿಂದಿನ ಈ ಗುಡ್ಡದಲ್ಲೇ ಶುರು ಮಾಡೋಣ ಎಂದರು. ನಾವೆಲ್ಲ ಹಿಗ್ಗಿದೆವು. ಮಾವನ ಮುಖ ಮಾತ್ರ ಸುಣ್ಣದ ಗೆರೆಯಂತೆ ಬೆಳ್ಳಗಾಯಿತು. ಅಂದಿನಿಂದ ಅನ್ನ ಸೇರಲಿಲ್ಲ. ಬೋಲ್ಟು ಸಡಿಲವಾದರೆ? ಮಳೆಗೆ ಮಣ್ಣು ಕುಸಿದರೆ? ಕರೆಂಟು ಹೋದರೆ? ಕೂತವರ ಸೀರೆಯ ಸೆರಗು ಗಾಲಿಗೆ ಸಿಕ್ಕಿದರೆ? ಅವರು ಕೇಳುತ್ತಲೇ ಹೋದರು, ಸಾಹುಕಾರರು ನಗುತ್ತಲೇ ಹೋದರು. ಕೊನೆಗೆ, ನಮ್ಮ ರೆಸಾರ್ಟಿನಲ್ಲಿ ಹೊಸದಾಗಿ ಜಿಪ್‌ಲೈನ್ ಹಾಕಿದ್ದೇವೆ, ನೀವೇ ಬಂದು ಮೊದಲನೆಯವರಾಗಿ ಹೋಗಿ ಉದ್ಘಾಟನೆ ಮಾಡಿ, ಧೈರ್ಯ ಬರುತ್ತದೆ ಎಂದು ಕರೆದರು.

ಹೀಗಾಗಿ ಒಂದು ಭಾನುವಾರ ಮಾವ, ಅತ್ತೆ, ನಾನು ಸಿದ್ದಾಪುರದ ಮೇಲೆ ಹಾದು ಅಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಮಾವ ಜೀಪಿನ ಕಂಬಿ ಹಿಡಿದುಕೊಂಡೇ ಇದ್ದರು.

ಜಿಪ್‌ಲೈನ್ ಎಂದರೆ ಈ ಗುಡ್ಡದಿಂದ ಆ ಗುಡ್ಡಕ್ಕೆ ಕಟ್ಟಿದ ಒಂದು ಉಕ್ಕಿನ ಹಗ್ಗ. ಸೊಂಟಕ್ಕೆ, ತೊಡೆಗೆ ಬೆಲ್ಟು ಬಿಗಿದು, ಹಗ್ಗದ ಮೇಲೆ ಓಡುವ ರಾಟೆಗೆ ಮನುಷ್ಯನನ್ನು ನೇತುಹಾಕಿ ತಳ್ಳಿಬಿಡುತ್ತಾರೆ. ನಡುವೆ ಆಳದ ತಗ್ಗು, ತಗ್ಗಿನಲ್ಲಿ ಬಿದಿರು, ಬಿದಿರಿನ ನಡುವೆ ಒಂದು ಸಣ್ಣ ಹೊಳೆ. ಮಾವ ತಗ್ಗನ್ನು ಒಮ್ಮೆ ನೋಡಿ ಹಿಂದಕ್ಕೆ ಸರಿದರು. ಮತ್ತೆ ಪ್ರಶ್ನೆಗಳು ಶುರುವಾದವು. ಹಗ್ಗ ತುಕ್ಕು ಹಿಡಿದರೆ, ಕೋತಿ ಬಂದು ಕೂತರೆ, ಸಿಡಿಲು ಹೊಡೆದರೆ, ನಡುವೆ ನಿಂತುಹೋದರೆ ಎಂದೆಲ್ಲ ಕೇಳಿದರು. ಮರಳು ಮೂಟೆ ಕಟ್ಟಿ ಬಿಟ್ಟು ನೋಡಿದ್ದೇವೆ, ಎಲ್ಲೂ ನಿಲ್ಲಲಿಲ್ಲ ಎಂದು ಮ್ಯಾನೇಜರ್ ಹೇಳಿದ. ಅಷ್ಟೊಂದು ಹೆದರಿಕೆಗಳ ರಾಶಿಯಲ್ಲಿ ಒಂದು ಸರಿಯಾದದ್ದು ಇತ್ತು ಎಂದು ನಮಗೆ ಯಾರಿಗೆ ತಾನೇ ಗೊತ್ತಿತ್ತು?

ಬೆಲ್ಟು ಹಿಡಿದು ಹುಡುಗರು ಹತ್ತಿರ ಬಂದಾಗ ಮಾವ ನನ್ನ ಬೆನ್ನ ಹಿಂದೆ ಸರಿದರು. ರೆಸಾರ್ಟಿನ ಅತಿಥಿಗಳು ಮೊಬೈಲ್ ಎತ್ತಿ ಕಾಯುತ್ತಿದ್ದರು. ಒಬ್ಬಿಬ್ಬರು ನಗಲೂ ಶುರು ಮಾಡಿದರು. ಆಗ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು.

"ಅವ್ರಿಗೆ ಸೊಂಟ ನೋವು. ನಾನೋಗ್ತೀನಿ ತಕ್ಕಳಿ" ಎಂದರು.

ಮಾವನಿಗೆ ಯಾವ ಸೊಂಟ ನೋವೂ ಇರಲಿಲ್ಲ. ಬೇಡ ಎನ್ನುವಷ್ಟರಲ್ಲಿ ಅತ್ತೆಯ ಸೀರೆಯ ಮೇಲೇ ಬೆಲ್ಟು ಬಿಗಿದಾಗಿತ್ತು. ಚಪ್ಪಾಳೆಯ ನಡುವೆ ತಳ್ಳಿಬಿಟ್ಟರು. ಜುಂಯ್ ಎಂದು ಹೋದರು ನೋಡಿ, ನನಗೂ ಚಪ್ಪಾಳೆ ತಟ್ಟುವ ಹಾಗಾಯಿತು. ಆಚೆ ಗುಡ್ಡ ಇನ್ನೇನು ಸಿಕ್ಕಿತು ಎನ್ನುವಾಗ ಅತ್ತೆ ನಿಧಾನವಾದರು. ನಿಂತರು. ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿದರು. ಮರಳಿನ ಮೂಟೆ ಭಾರವಾಗಿತ್ತು, ದಡ ಮುಟ್ಟಿತ್ತು. ನಮ್ಮ ಅತ್ತೆಯ ಮೈಯಲ್ಲಿ ಆ ಭಾರ ಎಲ್ಲಿಂದ ಬರಬೇಕು? ಹಗ್ಗ ಎಲ್ಲಿ ತೀರಾ ಬಾಗಿತ್ತೋ ಅಲ್ಲಿ, ಹೊಳೆಯ ನೇರ ಮೇಲೆ, ತೆಂಗಿನ ಮರದಷ್ಟು ಎತ್ತರದಲ್ಲಿ, ಅವರು ನೇತಾಡುತ್ತ ನಿಂತುಬಿಟ್ಟರು.

ಮೊದಲು ಎಲ್ಲರೂ ನಕ್ಕರು. ಇನ್ನೊಂದು ರಾಟೆ ತಂದು, ಅದರಲ್ಲಿ ಒಬ್ಬ ಹೋಗಿ ಎಳೆದುಕೊಂಡು ಬರುತ್ತಾನೆ ಎಂದರು. ಆ ರಾಟೆ ಆಚೆ ಗುಡ್ಡದ ಕೋಣೆಯಲ್ಲಿತ್ತು, ಕೋಣೆಗೆ ಬೀಗ, ಬೀಗದ ಕೈ ಇದ್ದವನು ಗೋಣಿಕೊಪ್ಪಕ್ಕೆ ಹೋಗಿದ್ದ. ನಗು ನಿಂತಿತು. ಹೊತ್ತು ಇಳಿಯುತ್ತಿತ್ತು. ಗಾಳಿ ಬಂದಾಗಲೆಲ್ಲ ಅತ್ತೆ ಒಂದು ಸುತ್ತು ತಿರುಗುತ್ತಿದ್ದರು. ಮೊದಮೊದಲು ನಮ್ಮ ಕಡೆ ಕೈ ಬೀಸಿದವರು ಆಮೇಲೆ ಎರಡೂ ಕೈಯಲ್ಲಿ ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡರು.

ಮಾವ ಎಲ್ಲಿ ಎಂದು ನೋಡಿದರೆ ಪಕ್ಕದಲ್ಲಿಲ್ಲ. ಕಾಲುದಾರಿಯಲ್ಲಿ ಕೂತು, ಜಾರಿ, ಬೇರು ಹಿಡಿದು ತಗ್ಗಿಗೆ ಇಳಿಯುತ್ತಿದ್ದರು. ನಾನೂ ಹಿಂದೆಯೇ ಇಳಿದೆ. ಹೊಳೆಯ ದಂಡೆಯಲ್ಲಿ, ಸರಿಯಾಗಿ ಅತ್ತೆಯ ಕೆಳಗೆ, ಅವರು ಕತ್ತೆತ್ತಿ ನಿಂತರು. ಆಗ ಕೇಳಿಸಿತು ಆ ಸದ್ದು. ಹೊಳೆಯ ಕೆಳಗಿನ ತಿರುವಿನಲ್ಲಿ ಬಿದಿರು ಪಟಪಟನೆ ಮುರಿಯುವ ಸದ್ದು.

ಕೊಡಗಿನಲ್ಲಿ ಹುಟ್ಟಿದವರಿಗೆ ಆ ಸದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆನೆ! ನಮ್ಮ ಹಿಂದೆ ಬಂದಿದ್ದ ಕಾವಲುಗಾರ ಮಾತಾಡದೆ ನನ್ನ ತೋಳು ಹಿಡಿದು ಬಂಡೆಯ ಹಿಂದಕ್ಕೆ ಎಳೆದ. ಸಂಜೆ ನೀರಿಗೆ ಬರುತ್ತವೆ ಎಂದು ಕಿವಿಯಲ್ಲಿ ಹೇಳಿದ. ಮಾವನಿಗೂ ಕೈ ಮಾಡಿ ಕರೆದ. ಮಾವ ಅಲುಗಲಿಲ್ಲ.

"ಹೋಗಿ ಇವ್ರೇ, ಮ್ಯಾಕೋಗಿ" ಎಂದು ಮೇಲಿನಿಂದ ಅತ್ತೆಯ ದನಿ ಬಂತು. ಆ ದನಿ ಒಡೆದಿತ್ತು. ಅತ್ತೆಯ ದನಿ ಹಾಗಾದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ನಂಗೆ ಯಾಕೋ ಭಯ ಆಯ್ತದೆ. ಕೆಳಗೆ ನೋಡಕ್ಕಾಯ್ತಿಲ್ಲ."

"ನೀ ನೋಡ್ಬ್ಯಾಡ" ಎಂದರು ಮಾವ. "ಕಣ್ಣು ಮುಚ್ಕ. ನಾನು ನೋಡ್ತಿವ್ನಿ."

ಅತ್ತೆ ಕಣ್ಣು ಮುಚ್ಚಿಕೊಂಡರು. ತಿರುವಿನಲ್ಲಿ ಮೊದಲು ಒಂದು ಹೆಣ್ಣಾನೆ ಬಂತು, ಅದರ ಹಿಂದೆ ಇನ್ನೊಂದು, ಅವೆರಡರ ಕಾಲುಗಳ ನಡುವೆ ಒಂದು ಮರಿ. ಮರಿ ಇದ್ದರೆ ಆನೆ ಎಂಥದು ಎಂದು ನಮಗೆ ಗೊತ್ತು. ನಾನು ಬಂಡೆಗೆ ಒತ್ತಿಕೊಂಡು ಕೂತೆ. ಮಾವ ಮಾತ್ರ ಅತ್ತೆಗೆ ಕೇಳುವಷ್ಟೇ ತಗ್ಗಿದ ದನಿಯಲ್ಲಿ, ಮಗು ಮಲಗಿಸುವವರಂತೆ, ಕಂಡದ್ದನ್ನೆಲ್ಲ ಹೇಳುತ್ತ ಹೋದರು. ನೀರು ಕುಡಿಯುತ್ತಿವೆ ಎಂದರು. ಗಾಳಿ ಅತ್ತಲಿಂದ ಇತ್ತ ಬೀಸುತ್ತಿದೆ, ನಮ್ಮ ವಾಸನೆ ಅವಕ್ಕೆ ಹೋಗುವುದಿಲ್ಲ ಎಂದರು. ಮರಿ ಸೊಂಡಿಲಲ್ಲಿ ನೀರು ಎಳೆಯಲು ಬಾರದೆ ಬಾಯಿ ಹಾಕಿ ಕುಡಿಯುತ್ತಿದೆ ಎಂದರು. ಮೇಲೆ ಅತ್ತೆ ಕಣ್ಣು ಬಿಡದೆ ಹೂಂ ಎನ್ನುತ್ತಿದ್ದರು.

ಇದ್ದಕ್ಕಿದ್ದಂತೆ ದೊಡ್ಡ ಆನೆ ಸೊಂಡಿಲೆತ್ತಿ ನಮ್ಮ ಕಡೆ ತಿರುಗಿತು. ಮಾವನ ಮಾತು ಅರ್ಧಕ್ಕೆ ನಿಂತಿತು. ಅದು ಎರಡು ಹೆಜ್ಜೆ ಮುಂದೆ ಬಂತು, ಕಿವಿ ಅಗಲಿಸಿತು. ಕಾವಲುಗಾರನ ಉಗುರು ನನ್ನ ತೋಳಿಗೆ ನಾಟಿದ್ದು ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ಹೂಂ ಎನ್ನಲು ಮಾತಿಲ್ಲದೆ ಅತ್ತೆ ಗಾಳಿಯಲ್ಲಿ ಸುಮ್ಮನೆ ತೂಗುತ್ತಿದ್ದರು. ಕಣ್ಣು ಬಿಟ್ಟರೆ? ಕೂಗಿಕೊಂಡರೆ? ಅವರು ಬಿಡಲಿಲ್ಲ, ಕೂಗಲಿಲ್ಲ. ಎಷ್ಟು ಹೊತ್ತು ಹಾಗಿದ್ದೆವೋ ನಾನು ಹೇಳಲಾರೆ. ಆನೆ ಕಿವಿ ಇಳಿಸಿತು. ಮರಿಯನ್ನು ಮುಂದೆ ಮಾಡಿಕೊಂಡು, ಬಂದಷ್ಟೇ ನಿಧಾನವಾಗಿ, ಅವು ಆಚೆ ಬಿದಿರಿನೊಳಗೆ ಸೇರಿಕೊಂಡವು.

"ಹೋದೊ" ಎಂದರು ಮಾವ. ಹೇಳಿ ಅಲ್ಲೇ ನೀರಿನಲ್ಲಿ ಕೂತುಬಿಟ್ಟರು.

ಆಮೇಲೆ ಬೀಗದ ಕೈ ಬಂತು, ರಾಟೆ ಬಂತು, ಒಬ್ಬ ಹುಡುಗ ಹಗ್ಗದ ಮೇಲೆ ಕೈ ಹಾಕುತ್ತ ಹೋಗಿ ಅತ್ತೆಯನ್ನು ದಡಕ್ಕೆ ತಂದ. ರೆಸಾರ್ಟಿನವರು ಅತ್ತೆಯ ಕೈ ಹಿಡಿದು ಕ್ಷಮೆ ಕೇಳಿದರು. ಆ ಹಗ್ಗವನ್ನು ಮರುವಾರವೇ ಬಿಚ್ಚಿಸಿದರಂತೆ. ಶಿರಂಗಾಲದ ಪಾರ್ಕಿನ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ನಾನು ಮಾವನ ಧೈರ್ಯವನ್ನು ಹೊಗಳಿದೆ. ಅವರು ಬಹಳ ಸಂಕೋಚಪಟ್ಟರು. "ಧೈರ್ಯ ಎಲ್ಲಿಂದ ಬಂತವ್ವ. ಓಡಾನ ಅಂದ್ರೆ ಕಾಲೇ ಬರ್ನಿಲ್ಲ, ನಿಂತ್ಕಂಡಿದ್ದೆ" ಎಂದರು. ಅತ್ತೆ ಅವರ ಒದ್ದೆ ಅಂಗಿಯ ತೋಳನ್ನು ಹಿಡಿದುಕೊಂಡು ಕೂತಿದ್ದವರು, ಸಿದ್ದಾಪುರ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ಮದ್ವೆಯಾದಾಗಿಂದ ಹೆದರ್ಕಳದೆಲ್ಲಾ ಇವ್ರೇ ಹೆದರ್ಕಂಬುಡ್ತಿದ್ರು" ಎಂದರು. "ನಂಗೇನೂ ಉಳಿಸ್ತಿರ್ನಿಲ್ಲ. ಇವತ್ತೇ ನೋಡು, ಮೇಲೆ ಒಬ್ಳೇ ಆಗ್ಬುಟ್ಟೆ."



ಮೊನ್ನೆ ಶಿರಂಗಾಲಕ್ಕೆ ಹೋಗಿದ್ದೆ. ಹಗ್ಗದಿಂದ ಇಳಿದ ಮೇಲೆ ಅತ್ತೆ ಮೊದಲಿನ ಹಾಗಿಲ್ಲ. ಹಗಲು ಎಲ್ಲ ಸರಿಯಾಗಿರುತ್ತದೆ. ಹೊತ್ತು ಮುಳುಗಿದರೆ ಅಂಗಳಕ್ಕೆ ಒಬ್ಬರೇ ಇಳಿಯುವುದಿಲ್ಲ. ಅಂದು ಕರು ಹಗ್ಗ ಕಿತ್ತುಕೊಂಡು ಕೊಟ್ಟಿಗೆಯ ಹಿಂದೆ ಎಲ್ಲೋ ಕೂಗುತ್ತಿತ್ತು. ಅತ್ತೆ ಹೊಸಿಲಿನ ತನಕ ಬಂದು ನಿಂತರು. ಕಾಲು ಮುಂದೆ ಬರಲಿಲ್ಲ. ನಾನು ಏಳುವಷ್ಟರಲ್ಲಿ ಮಾವ ಒಳಗಿನಿಂದ ಟಾರ್ಚು ತಂದರು, ಅತ್ತೆಯನ್ನು ದಾಟಿ ಮುಂದೆ ಇಳಿದರು. ಬೆಳಕು ಅಂಗಳದ ತುಂಬ ಒಂದೇ ಸಮನೆ ನಡುಗುತ್ತಿತ್ತು. ಅತ್ತೆ ಹಿಂದಿನಿಂದ ಅವರ ಅಂಗಿಯ ತುದಿ ಹಿಡಿದುಕೊಂಡರು.

"ನಿಮ್ ಕೈ ನಡುಗ್ತದೆ" ಎಂದರು.

"ಅದು ನಡುಗ್ತಾನೇ ಇರ್ತದೆ" ಎಂದರು ಮಾವ. "ನೀ ಬಾ."